ನಡೆಯುವ ಕಾಲು, ಜಾರುವ ಕಾಲು

ಗುಡ್ಡ ಹತ್ತಿ ತೋಟ ಇಳಿದು ಬದುಕಿದವರಿಗೆ ಬೇರೆ ವ್ಯಾಯಾಮ ಯಾಕೆ ಎಂಬ ಮಾತು ಸಿಗಂದೂರು, ತುಮರಿಯ ಕಡೆಗಷ್ಟೇ ಅಲ್ಲ, ಇಡೀ ಮಲೆನಾಡಿನಲ್ಲಿ ಕೇಳಿಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ. ಎಪ್ಪತ್ತು ದಾಟಿದವರೂ ಇಲ್ಲಿ ಮೈಲಿಗಟ್ಟಲೆ ನಡೆಯುತ್ತಾರೆ, ಮೆಟ್ಟುಗತ್ತಿಯ ಮುಂದೆ ತಾಸುಗಟ್ಟಲೆ ಕೂತು ಅಡಿಕೆ ಸುಲಿಯುತ್ತಾರೆ. ಅವರೇ ಆಷಾಢದ ಮಳೆಗೆ ಹಾವಸೆ ಹಿಡಿದ ಅಂಗಳದಲ್ಲಿ ಕಾಲು ಜಾರಿದರೆ ಸಾವರಿಸಿಕೊಳ್ಳಲಾರದೆ ಬೀಳುತ್ತಾರೆ. ಜಾರಿದ ಪಾದವನ್ನು ಎತ್ತಿ ಮುಂದಿಡಲು ಸಿಗುವ ಹೊತ್ತು ಒಂದು ಸೆಕೆಂಡಿಗೂ ಕಡಿಮೆ. ಅಷ್ಟರೊಳಗೆ ಬಲವನ್ನು ತಟ್ಟನೆ ಹೊಮ್ಮಿಸುವ ಚುರುಕು ಬೇಕು; ವಯಸ್ಸು ಮೊದಲು ಕಸಿಯುವುದು ಅದನ್ನೇ, ಬರೀ ನಡಿಗೆಯಿಂದ ಅದು ಉಳಿಯುವುದೂ ಇಲ್ಲ.

ತೊಡೆಯ ಸ್ನಾಯುವಿನಲ್ಲಿ ದಣಿಯದೆ ದುಡಿಯುವ ನಿಧಾನದ ತಂತುಗಳೂ, ಬೇಗ ಸೆಳೆದು ಬೇಗ ಸೋಲುವ ವೇಗದ ತಂತುಗಳೂ ಕಲೆತಿವೆ. ಸ್ವೀಡನ್ನಿನ ಯಾನ್ ಲೆಕ್ಸೆಲ್ ಮತ್ತು ಸಂಗಡಿಗರು 15ರಿಂದ 83ರ ನಡುವಿನ ವಯಸ್ಸಿನಲ್ಲಿ ತೀರಿಕೊಂಡ 43 ಗಂಡಸರ ತೊಡೆಯ ಸ್ನಾಯುವನ್ನು ಇಡಿಯಾಗಿ ಪರೀಕ್ಷಿಸಿ 1988ರಲ್ಲಿ ಫಲಿತಾಂಶ ಪ್ರಕಟಿಸಿದರು. ವಯಸ್ಸಾದಂತೆ ತಂತುಗಳ ಸಂಖ್ಯೆಯೇ ಇಳಿದಿತ್ತು; ಉಳಿದವುಗಳಲ್ಲಿ ಸಣಕಲಾದವು ಮುಖ್ಯವಾಗಿ ವೇಗದವು. ಬೆನ್ನುಹುರಿಯ ನರಕೋಶಗಳು ಒಂದೊಂದಾಗಿ ಸತ್ತಂತೆ ಅವು ನಡೆಸುತ್ತಿದ್ದ ವೇಗದ ತಂತುಗಳಲ್ಲಿ ಕೆಲವು ಒಣಗುತ್ತವೆ, ಕೆಲವು ಪಕ್ಕದ ನಿಧಾನದ ನರದ ಆಳಿಕೆಗೆ ಬಂದು ತಾವೂ ನಿಧಾನವಾಗುತ್ತವೆ. ಹಾಗಾಗಿ ಭಾರ ತಾಳುವ ಬಲಕ್ಕಿಂತ ಚುರುಕು ಬೇಗ ಕುಸಿಯುತ್ತದೆ. ಇನ್ನೊಂದು ಸಂಗತಿ: ಹಗುರ ಕೆಲಸಕ್ಕೆ ದೇಹ ನಿಧಾನದ ತಂತುಗಳನ್ನೇ ಕರೆಯುತ್ತದೆ. ಸಮನಡಿಗೆ ಎಷ್ಟು ದೂರ ಸಾಗಿದರೂ ವೇಗದವುಗಳ ಸರದಿ ಬರುವುದು ಅಪರೂಪ.

ಮುಪ್ಪು ಸಹಜ, ಅದರೊಡನೆ ಗುದ್ದಾಟ ಯಾಕೆ ಎನ್ನಬಹುದು. ಸತ್ತ ನರಕೋಶ ಮರಳದು, ನಿಜ. ಆದರೆ ಉಳಿದ ತಂತುವನ್ನು ಬೆಳೆಸಬಹುದು. ಅಮೆರಿಕದಲ್ಲಿ ಮರಿಯಾ ಫಿಯಟರೋನ್ ಮತ್ತವರ ತಂಡ 90ರ ಆಸುಪಾಸಿನ ಹತ್ತು ಮಂದಿ ದುರ್ಬಲ ಹಿರಿಯರಿಗೆ 8 ವಾರ ಭಾರದ ವ್ಯಾಯಾಮ ಮಾಡಿಸಿದಾಗ, ಪೂರೈಸಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತೆಂದು 1990ರಲ್ಲಿ ವರದಿಯಾಯಿತು. ವೇಗವಾಗಿ ಒತ್ತುವ ಅಭ್ಯಾಸ ಚುರುಕನ್ನು ಇನ್ನೂ ಚೆನ್ನಾಗಿ ಹೆಚ್ಚಿಸುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿವೆ. 2025ರ ಜುಲೈ 14ರಂದು ಲಾಂಚಿನ ಬದಲು ಶರಾವತಿ ಹಿನ್ನೀರು ದಾಟಿಸುವ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಜನರ ನಡಿಗೆ ಕಡಿಮೆಯಾಗುತ್ತದೆಂದು ಮರುಗುವವರಿಗೂ ಇದೇ ಉತ್ತರ: ರೋಗಿಯನ್ನು ಬೇಗ ಆಸ್ಪತ್ರೆಗೆ ಮುಟ್ಟಿಸುವ ಸೇತುವೆ ಬೇಕೇಬೇಕು, ಲಾಂಚಿನ ಕಾಲದ ನಡಿಗೆಯೂ ಈ ತಂತುಗಳನ್ನು ಕಾಯುತ್ತಿರಲಿಲ್ಲ. ಮಂಡಿನೋವು, ಹೃದ್ರೋಗ ಇದ್ದವರು ಮೊದಲು ವೈದ್ಯರನ್ನು ಕೇಳಲಿ. ಉಳಿದವರು ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಚುರುಕಾಗಿ ಏಳಿ, ನಿಧಾನವಾಗಿ ಕೂರಿ. ವಾರಕ್ಕೆ ಎರಡು ಮೂರು ದಿನ ಹತ್ತಾರು ಸಲ ಸಾಕು. ಕೈ ಊರದೆ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತೊಡೆ ಸೋತಿದೆ ಎಂದೇ ತಿಳಿದು ಇಂದೇ ಶುರುಮಾಡಿ.