ಕಾಯಿಸಿದರೆ ಪೇಡೆ, ಹೆಪ್ಪುಗಟ್ಟಿಸಿದರೆ ಪಾಪ!

ಕಳೆದ ಭಾನುವಾರ ನಾವು ಆಡೂರಿನಿಂದ ಹುಬ್ಬಳ್ಳಿಗೆ ಹೋದಾಗ ಹೊಸ ನಮೂನೆಯ ಒಂದು ಸಿಹಿ ಅಂಗಡಿಯನ್ನು ಹೊಕ್ಕೆವು. ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ನಮ್ಮ ಗೆಳೆಯನೂ ಅವನ ಮಗಳೂ ಜೊತೆಗಿದ್ದರು. ಎರಡು ಕಾದ ಕಬ್ಬಿಣದ ಹಂಚುಗಳ ನಡುವೆ ಹಿಟ್ಟು ಸುರಿದು ಒತ್ತಿದರೆ ಚೌಕ ಚೌಕ ಗುಳಿಗಳ ದಪ್ಪ ದೋಸೆಯಂಥದು ಏಳುತ್ತದೆ. ಅದು ವಾಫಲ್. ಅದರ ಮೇಲೆ ಎರಡು ಗುಂಡು ಜೆಲಾಟೊ. ಇಟಲಿಯ ಮಾತಿನಲ್ಲಿ ಜೆಲಾಟೊ ಎಂದರೆ ಹೆಪ್ಪುಗಟ್ಟಿದ್ದು, ಅಷ್ಟೆ. ಬಿಲ್ಲು 260 ರೂಪಾಯಿ. 2025ರ ಏಪ್ರಿಲ್ 1ರಂದು ನಂದಿನಿಯ ನೀಲಿ ಪೊಟ್ಟಣದ ಹಾಲು ಲೀಟರಿಗೆ 46 ರೂಪಾಯಿಯಾಯಿತು. ಆ ದರದಲ್ಲಿ ಐದೂವರೆ ಲೀಟರು ಹಾಲಿನ ಬೆಲೆ ಒಂದು ತಟ್ಟೆಗೆ!

ಹುಡುಗಿ ಚಮಚ ನೆಕ್ಕುತ್ತ ಕೇಳಿದಳು: "ಅಪ್ಪಾ, ನಮ್ಮೂರ ಜಾತ್ರ್ಯಾಗ ಸೈಕಲ್ ಮ್ಯಾಲೆ ಐಸ್‌ಕ್ಯಾಂಡಿ ಮಾರ್ತಾರಲ್ಲ, ಅವ್ರೂ ಹಿಂಗ ಅಂಗಡಿ ಯಾಕ ಹಾಕಂಗಿಲ್ಲ?"

ಅಪ್ಪ ಉತ್ತರ ಕೊಡಲಿಲ್ಲ. ನಾವು ಕೊಡುತ್ತೇವೆ. ಅವನು ದೊಡ್ಡವನಾಗದ ಹಾಗೆ ಕಾಯದೆಯೇ ಬಾಗಿಲಲ್ಲಿ ನಿಂತಿದೆ.

ನಾವು ಸಿಹಿಯ ವೈರಿಗಳಲ್ಲ. ಬಡವನ ಮಗು ಬೆಲ್ಲದ ಚೂರಿನಲ್ಲೇ ತೃಪ್ತಿಪಡಬೇಕೆಂದು ಉಪದೇಶಿಸುವವರು ಬೇರೆ ಇದ್ದಾರೆ. ವಾಫಲ್ಲೂ ಬರಲಿ, ಜೆಲಾಟೊವೂ ಬರಲಿ, ಗಿರಣಿಯವನ ಮಗಳೂ ತಿನ್ನಲಿ. ನಮ್ಮ ತಕರಾರು ಅಂಗಡಿಯವನ ಮೇಲಲ್ಲ. ದೆಹಲಿಯಲ್ಲಿ ಕೂತು ಪಂಕ್ತಿಭೇದ ಮಾಡಿದವರ ಮೇಲೆ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಸಣ್ಣವರು ಲೆಕ್ಕಪತ್ರದ ಕಾಟದಲ್ಲಿ ಸಾಯಬಾರದೆಂದು ರಾಜಿ ತೆರಿಗೆ ಎಂಬ ಒಂದು ಕಿರುದಾರಿಯನ್ನು ಇಟ್ಟರು. 2019ರ ಏಪ್ರಿಲಿನಿಂದ ವರ್ಷಕ್ಕೆ ಒಂದೂವರೆ ಕೋಟಿಯವರೆಗೆ ವಹಿವಾಟುಳ್ಳ ತಯಾರಕನಿಗೂ ಆ ದಾರಿ ತೆರೆಯಿತು. ನೂರಕ್ಕೆ ಒಂದು ರೂಪಾಯಿ ಕಟ್ಟಿ, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಿದರೆ ಸಾಕು. ಒಳ್ಳೆಯದೇ. ಆದರೆ ಈ ದಾರಿಯಲ್ಲಿ ಕಾಲಿಡಕೂಡದ ತಯಾರಕರೆಂದು ಮೊದಲ ದಿನವೇ ಹೆಸರಿಸಿದ್ದು ಮೂರು ಜಾತಿಯವರನ್ನು: ಪಾನ್ ಮಸಾಲೆಯವರು, ತಂಬಾಕಿನವರು, ಐಸ್‌ಕ್ರೀಮಿನವರು!

ಓದುಗರೇ, ಇದೇನು ನ್ಯಾಯ? ಧಾರವಾಡದ ಬೀದಿಯಲ್ಲಿ ಹಾಲು ಕಾಯಿಸಿ, ಸಕ್ಕರೆ ಹಾಕಿ ಪೇಡೆ ಮಾಡುವವನು ಸಭ್ಯ ವ್ಯಾಪಾರಿ. ಅವನಿಗೆ ದಾರಿ ಬಿಟ್ಟಿದ್ದಾರೆ. ಅದೇ ಹಾಲನ್ನು ಅದೇ ಸಕ್ಕರೆಯೊಡನೆ ಹೆಪ್ಪುಗಟ್ಟಿಸಿದವನು ತಂಬಾಕಿನವನ ಪಕ್ಕದಲ್ಲಿ ಕೂರಬೇಕು. ಹಾಲಿನ ಮೇಲೆ ತೆರಿಗೆಯಿಲ್ಲ, ಆದ್ದರಿಂದ ರಿಯಾಯಿತಿ ಕೊಟ್ಟರೆ ಬೊಕ್ಕಸಕ್ಕೆ ನಷ್ಟ ಎನ್ನುತ್ತಾರೆ ಪಂಡಿತರು. ಪೇಡೆ ಏನು ಕಲ್ಲಿನಿಂದ ಆಗುತ್ತದೆಯೇ?

ಅಷ್ಟಕ್ಕೇ ಮುಗಿಯಲಿಲ್ಲ. 2019ರಿಂದ ಸರಕು ಮಾರುವ ಸಣ್ಣವನಿಗೆ ನಮ್ಮ ರಾಜ್ಯದಲ್ಲಿ 40 ಲಕ್ಷದವರೆಗೆ ನೋಂದಣಿ ಬೇಡವೆಂದರು. ಐಸ್‌ಕ್ರೀಮಿನವನಿಗೆ ಮಾತ್ರ ಆ ಗೆರೆ 20 ಲಕ್ಷದಲ್ಲೇ ನಿಂತಿತು. 2021ರ ಅಕ್ಟೋಬರ್ 6ರಂದು ಇನ್ನೊಂದು ಸುತ್ತೋಲೆ ಹೊರಟಿತು: ತಯಾರಾದ ಐಸ್‌ಕ್ರೀಮು ತಂದು ಮಾರುವ ಅಂಗಡಿ ಹೋಟೆಲಲ್ಲ, ಅಲ್ಲಿ ಅಡಿಗೆಯಿಲ್ಲ, ಆದ್ದರಿಂದ ನೂರಕ್ಕೆ 18 ಕಟ್ಟಬೇಕು. ಒಲೆಯಿರುವ ಹೋಟೆಲಿನ ಮೇಜಿಗೆ ಬಂದ ಅದೇ ಗುಂಡಿಗೆ 5. ಬಂಡವಾಳವಿದ್ದು ಹಂಚು ಕಾಯಿಸಿದವನಿಗೆ ಒಂದು ದರ, ಬರಿಯ ಡಬ್ಬಿ ಇಟ್ಟುಕೊಂಡವನಿಗೆ ಮೂರೂವರೆ ಪಟ್ಟಿಗೂ ಮಿಕ್ಕಿದ ದರ!

2021ರಲ್ಲೇ ದೆಹಲಿಯ ಹೈಕೋರ್ಟು ಸಣ್ಣ ತಯಾರಕರ ಮೊರೆ ಕೇಳಿ, ಈ ಹೊರಗಿಡುವಿಕೆಯನ್ನು ಮತ್ತೆ ಯೋಚಿಸಿರೆಂದು ಜಿ.ಎಸ್.ಟಿ. ಮಂಡಳಿಗೆ ಹೇಳಿತು. ಮಂಡಳಿ ಬಾಗಿಲು ತೆರೆಯಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಐಸ್‌ಕ್ರೀಮಿನ ತೆರಿಗೆ 18ರಿಂದ 5ಕ್ಕೆ ಇಳಿಯಿತು. ಇಳಿಸಿದ್ದನ್ನು ಸ್ವಾಗತಿಸುತ್ತೇವೆ. ಆದರೆ ದರ ಇಳಿಸಿದವರು ತಂಬಾಕಿನ ಪಂಕ್ತಿಯಿಂದ ಸಣ್ಣವನನ್ನು ಎಬ್ಬಿಸಲಿಲ್ಲ.

"ಸೈಕಲ್ಲಿನವನನ್ನು ಯಾರು ಹಿಡಿಯುತ್ತಾರೆ?" ಎಂದು ಕೆಲವರು ನಗುತ್ತಾರೆ. ಅವರು 2025ರ ಜುಲೈ ತಿಂಗಳನ್ನು ಮರೆತಿದ್ದಾರೆ. ನಮ್ಮ ಹಾವೇರಿಯಲ್ಲೇ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿಯ ನೋಟೀಸು ಬಂತು. ನಾಲ್ಕು ವರ್ಷಗಳಲ್ಲಿ ಫೋನಿನ ಮೂಲಕ 1 ಕೋಟಿ 63 ಲಕ್ಷ ಬಂದಿದೆಯಲ್ಲ, ಎಂದು ಲೆಕ್ಕ. ತರಕಾರಿಗೆ ತೆರಿಗೆಯೇ ಇಲ್ಲ! ಬೀದಿಯ ಚಹದಂಗಡಿಗಳವರು, ಬೇಕರಿಯವರು ಒಟ್ಟಾಗಿ ಕೂಗೆಬ್ಬಿಸಿ ಹಾಲಿನ ಚಹ ನಿಲ್ಲಿಸಿ ಪ್ರತಿಭಟಿಸಿದ ಮೇಲೆಯೇ ರಾಜ್ಯ ಸರಕಾರ ಹಿಂದೆ ಸರಿದದ್ದು. ಕಾಗದದ ಮೇಲೆ ಮಲಗಿದ ಕಾಯದೆ ಎದ್ದು ಬರಲು ಒಂದು ರಾತ್ರಿ ಸಾಕು. ಒಟ್ಟಾದರೆ ಅದನ್ನು ಹಿಂದೆ ಕಳಿಸಬಹುದೆಂಬುದೂ ಅದೇ ಜುಲೈ ಕಲಿಸಿದ ಪಾಠ.

ಗಿರಣಿಯ ಬಂಧುಗಳು ಇದು ವ್ಯಾಪಾರಿಗಳ ಜಗಳವೆಂದು ಸುಮ್ಮನಿರಬಾರದು. ಸಣ್ಣ ತಯಾರಕ ಸತ್ತರೆ ಉಳಿಯುವುದು ದೊಡ್ಡ ಕಂಪನಿಯ ಡಬ್ಬಿ, ಇಲ್ಲವೇ 260 ರೂಪಾಯಿಯ ತಟ್ಟೆ. ಬೆಲೆ ಇಳಿಸುವ ಪೈಪೋಟಿ ಇರುವುದಿಲ್ಲ. ನಿಮ್ಮ ಪಗಾರ ಅಲ್ಲೇ ಇರುತ್ತದೆ, ನಿಮ್ಮ ಮಗಳು ಗಾಜಿನ ಹೊರಗೆ ನಿಲ್ಲುತ್ತಾಳೆ.

ನಮ್ಮ ಬೇಡಿಕೆ ಎರಡೇ. ಸಣ್ಣ ಐಸ್‌ಕ್ರೀಮು, ಐಸ್‌ಕ್ಯಾಂಡಿ ತಯಾರಕರಿಗೆ ಪೇಡೆಯವನಿಗೆ ಬಿಟ್ಟ ದಾರಿಯನ್ನೇ ಬಿಡಿ. ನೋಂದಣಿಯ ಗೆರೆಯನ್ನು ಇತರರಂತೆ 40 ಲಕ್ಷಕ್ಕೆ ಏರಿಸಿ. ಜಿ.ಎಸ್.ಟಿ. ಮಂಡಳಿಯಲ್ಲಿ ಕರ್ನಾಟಕಕ್ಕೂ ಒಂದು ಕುರ್ಚಿಯಿದೆ. ಅದರಲ್ಲಿ ಕೂತವರು ಬಾಯಿ ಬಿಡಲಿ. ಬಿಡದಿದ್ದರೆ, ವೋಟು ಕೇಳಲು ಆಡೂರಿಗೆ ಬಂದಾಗ ನಾವು ಬಿಡಿಸುತ್ತೇವೆ.