ಮನೆ ರಿಪೇರಿ: ಹಾಕಿದ ದುಡ್ಡು ವಾಪಸು ಬರುವುದು ಯಾವುದರಲ್ಲಿ?

ಹಂಚು ಇಳಿಸಿ ಟೆರೇಸ್ ಹಾಕುವವರು, ಟೆರೇಸ್ ಮೇಲೆ ಮತ್ತೆ ಹಂಚು ಹಾಕುವವರು: ಗಡಿನಾಡಿನ ಮನೆಗಳ ಲೆಕ್ಕಾಚಾರ

ಕಾಸರಗೋಡು: ದೀಪಾವಳಿ ಕಳೆದು ಮಳೆ ಹಿಂದೆ ಸರಿಯಿತೆಂದರೆ ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಒಳರಸ್ತೆಗಳಲ್ಲಿ ಜಲ್ಲಿ, ಎಂ ಸ್ಯಾಂಡ್ ಹೇರಿದ ಟಿಪ್ಪರುಗಳ ಓಡಾಟ ಶುರು. ಊರಿನ ಹಳೆ ಮನೆಗಳಿಗೆ ರಿಪೇರಿ ಕಾಲ ಅದು. ಮಕ್ಕಳು ಬೆಂಗಳೂರಲ್ಲೋ, ಮಂಗಳೂರಲ್ಲೋ, ಕೊಲ್ಲಿಯಲ್ಲೋ ಇರುತ್ತಾರೆ. ಮನೆಯಲ್ಲಿರುವುದು ಇಬ್ಬರೇ ಹಿರಿಯರು. ಮಾಡು ಸೋರುತ್ತದೆ, ಪಕ್ಕಾಸಿಗೆ ಗೆದ್ದಲು ಹಿಡಿದಿದೆ. "ಹೇಗೂ ಕೈ ಹಾಕ್ತೇವಲ್ಲ, ಒಮ್ಮೆಗೇ ಹೊಸ ಮಾದರಿ ಮಾಡಿ ಬಿಡುವ" ಎಂಬ ಮಾತು ಮಗನಿಂದ ಬರುತ್ತದೆ. "ನಾಳೆ ಮಾರುವುದಾದರೂ ಒಳ್ಳೆ ರೇಟು ಸಿಗ್ತದೆ" ಎಂಬುದು ಅದರ ಹಿಂದಿನ ಸಮಾಧಾನ.

ಎಡವಟ್ಟು ಶುರುವಾಗುವುದು ಈ ಸಮಾಧಾನದಲ್ಲೇ. ರಿಪೇರಿಗೆ ಸುರಿದ ಹಣವೆಲ್ಲ ಮಾರುವಾಗ ಹಿಂದೆ ಬರುವುದಿಲ್ಲ. ಕೆಲವು ಕೆಲಸಗಳಿಂದ ಬೆಲೆ ಉಳಿಯುತ್ತದೆ, ಕೆಲವು ಕೆಲಸಗಳು ಹತ್ತು ವರ್ಷದಲ್ಲಿ ಹಳತಾಗಿ ಕಣ್ಣಿಗೆ ಹೊಡೆಯುತ್ತವೆ, ಇನ್ನು ಕೆಲವು ಕೊಳ್ಳುವವನಿಗೇ ತಲೆನೋವಾಗುತ್ತವೆ.

ಬೆಲೆ ಏರುವುದು ಜಾಗಕ್ಕೆ

ಗಡಿನಾಡಿನಲ್ಲಿ ಮನೆ ವ್ಯಾಪಾರ ಎಂದರೆ ಬಹುಪಾಲು ಜಾಗದ ವ್ಯಾಪಾರ. ಮಾತು ನಡೆಯುವುದೇ ಸೆಂಟ್ಸ್ ಲೆಕ್ಕದಲ್ಲಿ. ರಸ್ತೆ ಉಂಟಾ, ನೀರು ಉಂಟಾ, ದಾಖಲೆ ಸರಿ ಉಂಟಾ ಎಂಬ ಮೂರು ಪ್ರಶ್ನೆ ಮುಗಿದ ಮೇಲೆಯೇ ಮನೆ ಹೇಗುಂಟು ಎಂಬ ಮಾತು. ಸರಕಾರದ ಲೆಕ್ಕವೂ ಅದೇ ದಾರಿಯಲ್ಲಿದೆ. ಕೇರಳದಲ್ಲಿ 2010ರಲ್ಲಿ ಜಾರಿಗೆ ಬಂದ ಭೂಮಿಯ ನ್ಯಾಯಬೆಲೆಯನ್ನು 2022ರ ಬಜೆಟಿನಲ್ಲಿ ಶೇ. 10, 2023ರಲ್ಲಿ ಶೇ. 20 ಏರಿಸಲಾಯಿತು. ಜಾಗದ ಬೆಲೆ ಮೇಲೆ ಹೋಗುತ್ತಿರುವಾಗ ಕಟ್ಟಡದ ಬೆಲೆ ವರ್ಷ ವರ್ಷ ಸವೆಯುತ್ತದೆ. ಬ್ಯಾಂಕಿನ ಇಂಜಿನಿಯರ್ ಬಂದು ನೋಡುವಾಗಲೂ ಕಟ್ಟಡದ ಪ್ರಾಯ ಲೆಕ್ಕ ಹಾಕಿ ಬೆಲೆ ತಗ್ಗಿಸುತ್ತಾರೆ.

ಕೊಳ್ಳುವವನ ಕಿಸೆಗೂ ಮಿತಿ ಉಂಟು. ಕೇರಳದಲ್ಲಿ ಕ್ರಯ ಆಧಾರ ಮಾಡಿಸುವಾಗ ಮುದ್ರಾಂಕ ಶುಲ್ಕ ಶೇ. 8, ನೋಂದಣಿ ಶುಲ್ಕ ಶೇ. 2, ಒಟ್ಟು ಶೇ. 10 ಕೊಡಬೇಕು. 50 ಲಕ್ಷದ ಆಸ್ತಿಗೆ 5 ಲಕ್ಷ ಅದಕ್ಕೇ ಹೋಯಿತು. ಇಷ್ಟು ತೆತ್ತು ಬರುವವನು ಹಿಂದಿನ ಯಜಮಾನನ ಇಷ್ಟದ ಅಡುಗೆಕೋಣೆಗೂ ಬಣ್ಣದ ಗಾಜಿಗೂ ಬೇರೆ ದುಡ್ಡು ಕೊಡುವುದು ಅಪರೂಪ.

ಕಾಲಕ್ಕೊಂದು ಫ್ಯಾಶನ್

ಊರಿನ ರಸ್ತೆಯಲ್ಲಿ ಒಂದು ಸುತ್ತು ಹೋದರೆ ಯಾವ ಮನೆ ಯಾವ ಕಾಲದ್ದೆಂದು ಹೇಳಬಹುದು. ಮುರಕಲ್ಲಿನ ಗೋಡೆ, ಮಂಗಳೂರು ಹಂಚು, ಜಗಲಿ, ಚಾವಡಿ ಇರುವುದು ಅಜ್ಜನ ಕಾಲದ್ದು. ಬಾಸೆಲ್ ಮಿಶನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಬಳಿಕ ಕರಾವಳಿಯಲ್ಲಿ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿಗೆ ತಿರುಗಿದವು. ಕೊಲ್ಲಿ ಹಣ ಬರತೊಡಗಿದ ಮೇಲೆ ಚಪ್ಪಟೆ ಟೆರೇಸಿನ ಮನೆಗಳು ಎದ್ದವು. ನಂತರ ಓರೆ ಕಾಂಕ್ರೀಟಿನ ಮೇಲೆ ಹಂಚು ಅಂಟಿಸಿದವು, ಈಚೆಗೆ ಡಬ್ಬಿಯಂತಹ ಚೌಕ ಮುಖದ, ಬಿಳಿ ಬೂದು ಬಣ್ಣದವು. ಒಂದೊಂದು ಮಾದರಿ ಬಂದಾಗಲೂ ಹಿಂದಿನದು ಹಳತಾಯಿತು. ಇಂದಿನ ಚೌಕ ಮನೆಯ ಗತಿಯೂ ಬೇರೆ ಆಗಲಿಕ್ಕಿಲ್ಲ.

ಫ್ಯಾಶನ್ನಿಗಿಂತ ಗಟ್ಟಿಯಾದ ತೀರ್ಪುಗಾರ ಎಂದರೆ ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆ ಇದು. ಚಪ್ಪಟೆ ಟೆರೇಸಿನಲ್ಲಿ ನೀರು ನಿಂತು ಬಿರುಕಿನಿಂದ ಇಳಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಅಡಿಯಿಂದ ಕಾಂಕ್ರೀಟಿನ ಹೆಕ್ಕಳೆ ಉದುರುತ್ತದೆ. ಅದಕ್ಕೇ ಈಗ ಟೆರೇಸಿನ ಮೇಲೆ ಕಬ್ಬಿಣದ ಚೌಕಟ್ಟು ಕೂರಿಸಿ ತಗಡು ಇಲ್ಲವೇ ಹಂಚು ಹೊದೆಸುವವರು ಹೆಚ್ಚಿದ್ದಾರೆ. ಹಂಚು ತೆಗೆದು ಟೆರೇಸ್ ಮಾಡಿದವರೇ ಟೆರೇಸ್ ಉಳಿಸಲಿಕ್ಕೆ ಹಂಚಿನ ಮೊರೆ ಹೋದಂತಾಯಿತು. ಚೌಕ ಮುಖದ ಮನೆಗಳಲ್ಲಿ ಕಿಟಕಿಗೆ ಸಜ್ಜ ಇರುವುದಿಲ್ಲ. ಎರಡು ಆಟಿ ಕಳೆಯುವಷ್ಟರಲ್ಲಿ ಬಿಳಿ ಗೋಡೆ ಪಾಚಿಗಟ್ಟಿ ಕಪ್ಪಾಗುತ್ತದೆ. ಮಂಜೇಶ್ವರ, ಉಪ್ಪಳದಂತಹ ಕಡಲ ಬದಿಯಲ್ಲಿ ಉಪ್ಪು ಗಾಳಿಗೆ ಕಬ್ಬಿಣದ ಗ್ರಿಲ್ಲಿನ ಬಾಳಿಕೆಯೂ ಕಡಿಮೆ.

ಮುಂದೆ ಚಾಚಿದ ಓರೆ ಮಾಡು, ಅಗಲದ ಸಜ್ಜ, ಗಾಳಿ ಬೆಳಕಿಗೆ ದಾರಿ, ಎತ್ತರದ ಅಡಿಪಾಯ ಇವು ಯಾವ ಫ್ಯಾಶನ್ನಿನ ಕಾಲದಲ್ಲೂ ಬೆಲೆ ಕಳೆದುಕೊಂಡಿಲ್ಲ. ಮನೆ ನೋಡಲು ಬರುವವನು ಸೋರುವ ಕಲೆ ಒಂದು ಕಂಡರೆ ಮುಖದ ಅಲಂಕಾರ ಮರೆತು ಚೌಕಾಶಿಗೆ ಕೂರುತ್ತಾನೆ.

ಹಳೆ ಮನೆಗೆ ಈಗ ಗಿರಾಕಿ ಉಂಟಾ?

"ಹಂಚಿನ ಮನೆ ಈಗ ಯಾರಿಗೆ ಬೇಕು ಮಾರಾಯ್ರೆ?" ಎಂಬ ಮಾತಿನಲ್ಲಿ ಅರ್ಧ ಸತ್ಯ ಉಂಟು. ಹಂಚಿನ ಮನೆಗೆ ವರ್ಷ ವರ್ಷ ಕೈ ಹಾಕಬೇಕು. ಮಳೆಗಾಲಕ್ಕೆ ಮುಂಚೆ ಮಾಡಿಗೆ ಹತ್ತಿ ಹಂಚು ಕೈಯಾಡಿಸುವವರು ಸಿಗುವುದೂ ಕಷ್ಟವಾಗಿದೆ. ಬ್ಯಾಂಕು ಬೆಲೆ ಕಟ್ಟುವಾಗಲೂ ಮನೆಯ ಪ್ರಾಯ ಅಡ್ಡ ಬರುತ್ತದೆ.

ಇನ್ನರ್ಧ ಸತ್ಯ ಬೇರೆ. ಹಳೆ ಮನೆ ಕಿತ್ತು ಕಂಬ, ಬಾಗಿಲು, ಮುಚ್ಚಿಗೆಯ ಹಲಗೆ ಕೊಂಡೊಯ್ಯುವ ವ್ಯಾಪಾರಿಗಳು ಹಳ್ಳಿ ಹಳ್ಳಿಗೆ ಬರುತ್ತಾರೆ. ಇಲ್ಲಿ ಸೌದೆಯ ಲೆಕ್ಕದಲ್ಲಿ ಹೋದ ಹಲಸಿನ ಕಂಬ ಪೇಟೆಯ ರೆಸಾರ್ಟಿನಲ್ಲಿ ಅಲಂಕಾರವಾಗಿ ನಿಲ್ಲುತ್ತದೆ. ನಿಜವಾದ ಮುರಕಲ್ಲಿನ ಗೋಡೆಗೆ ಸಿಮೆಂಟು ಮೆತ್ತಿ, ಅದರ ಮೇಲೆ ಮುರಕಲ್ಲಿನ ಚಿತ್ರವಿರುವ ಟೈಲ್ಸ್ ಅಂಟಿಸುವವರೂ ಇದ್ದಾರೆ. ಎರಡು ಖರ್ಚು ಮಾಡಿ ಇದ್ದದ್ದನ್ನೇ ಮುಚ್ಚಿದ ಹಾಗಾಯಿತು.

ಹಾಗೆಂದು ಹಳೆ ಮನೆ ಪೂರ್ತಿ ಹಾಗೇ ಉಳಿಸಿದರೆ ಬೆಲೆ ಬರುತ್ತದೆಂದೂ ಇಲ್ಲ. ಬಚ್ಚಲು ಹೊರಗೆ, ಕಕ್ಕಸು ಇನ್ನೂ ದೂರ, ಅಡುಗೆಕೋಣೆಯಲ್ಲಿ ಹೊಗೆ ಎಂದರೆ ಈಗಿನ ಸೊಸೆಯಂದಿರು ಒಪ್ಪುವುದಿಲ್ಲ, ಕೊಳ್ಳುವವರೂ ಒಪ್ಪುವುದಿಲ್ಲ. ಮುಖ ಹಳತೇ ಇರಲಿ, ಒಳಗಿನ ಸೌಕರ್ಯ ಹೊಸತಾಗಲಿ ಎಂಬ ಮಧ್ಯದ ದಾರಿಗೆ ಸೋಲು ಕಡಿಮೆ. ಮಾಡಿನ ಹಾಳಾದ ಮರ ಮಾತ್ರ ಬದಲಾವಣೆ, ವಯರಿಂಗ್ ಪೂರ್ತಿ ಹೊಸತು, ಮಲಗುವ ಕೋಣೆಗೆ ತಾಗಿ ಜಾರದ ನೆಲದ ಬಚ್ಚಲು, ಕಾರು ಅಂಗಳದವರೆಗೆ ಬರುವ ದಾರಿ. ಈ ನಾಲ್ಕು ಕೆಲಸ ಮನೆಯಲ್ಲಿರುವ ಹಿರಿಯರಿಗೆ ಇಂದೇ ಉಪಯೋಗ, ಮುಂದೆ ಕೊಳ್ಳುವವನಿಗೂ ಬೇಕಾದದ್ದೇ.

ನೀರಿನ ಮಾತಂತೂ ಹೇಳಬೇಕಾಗಿಯೇ ಇಲ್ಲ. ಮಳೆಗಾಲದಲ್ಲಿ ಅಂಗಳ ತುಂಬುವ ನೀರು ಮೇ ತಿಂಗಳಲ್ಲಿ ಬಾವಿಯ ತಳದಲ್ಲಿರುತ್ತದೆ. ಬತ್ತದ ಬಾವಿ, ಕೆಲಸ ಮಾಡುವ ಸುರಂಗ, ಮಾಡಿನ ನೀರು ಬಾವಿಗೆ ಇಳಿಯುವ ವ್ಯವಸ್ಥೆ ಇದ್ದ ಮನೆಗೆ ಬೇಸಿಗೆಯಲ್ಲಿ ಗಿರಾಕಿ ಕರೆದು ತೋರಿಸಬಹುದು.

ದೊಡ್ಡದು ಮಾಡಿದರೆ ದೊಡ್ಡ ತೆರಿಗೆ

ಮೇಲೆ ಎರಡು ಕೋಣೆ, ಮುಂದೊಂದು ಸಿಟೌಟ್ ಎಂದು ಮನೆ ಹಿಗ್ಗಿಸುವವರು ಒಂದು ಅಂಕಿ ನೆನಪಿಡಬೇಕು: 278.7 ಚದರ ಮೀಟರ್, ಅಂದರೆ 3,000 ಚದರ ಅಡಿ. 1999ರ ಏಪ್ರಿಲ್ 1ರ ಬಳಿಕ ಪೂರ್ತಿಯಾದ, ಈ ಅಳತೆ ಮುಟ್ಟಿದ ಮನೆಗಳಿಗೆ ಕೇರಳದಲ್ಲಿ ಕಂದಾಯ ಇಲಾಖೆ ವರ್ಷ ವರ್ಷ ಹೆಚ್ಚುವರಿ ತೆರಿಗೆ ಹಾಕುತ್ತದೆ. ಜನ ಇದನ್ನು ಲಕ್ಷುರಿ ಟ್ಯಾಕ್ಸ್ ಎನ್ನುತ್ತಾರೆ. ಪಂಚಾಯತಿನ ಕಟ್ಟಡ ತೆರಿಗೆ ಇದರಿಂದ ಬೇರೆ, ಅದೂ 2023ರ ಏಪ್ರಿಲಿನಿಂದ ಪರಿಷ್ಕರಣೆಯಾಗಿದೆ. ಇಬ್ಬರೇ ಇರುವ ಮನೆಗೆ ಐದು ಕೋಣೆ ಮಾಡಿ ಗುಡಿಸುವವರಿಲ್ಲದೆ ತೆರಿಗೆ ಕಟ್ಟುವುದೆಂದರೆ ನುಂಗಲಾರದ ತುತ್ತೇ ಸರಿ.

ಗೋಡೆ ಹಿಗ್ಗಿಸುವ ದಿಕ್ಕೂ ಮುಖ್ಯ. ಮನೆಯ ಪಕ್ಕದ ಗದ್ದೆ 2008ರ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಸಂರಕ್ಷಣಾ ಕಾಯ್ದೆಯ ಡಾಟಾ ಬ್ಯಾಂಕಿನಲ್ಲಿದ್ದರೆ ಅಲ್ಲಿ ಅನುಮತಿ ಇಲ್ಲದೆ ಮಣ್ಣು ತುಂಬುವಂತಿಲ್ಲ. 45 ಮೀಟರ್ ಅಗಲದ ರಾಷ್ಟ್ರೀಯ ಹೆದ್ದಾರಿ 66 ಬಂದ ಮೇಲೆ ತಲಪಾಡಿಯಿಂದ ತೆಂಕಿಗೆ ಎಷ್ಟೋ ಮನೆಗಳ ಅಂಗಳ ರಸ್ತೆಯಾಗಿದೆ. ಉಳಿದ ಜಾಗದಲ್ಲಿಯೂ ಹೆದ್ದಾರಿಯ ಗಡಿಯಿಂದ 3 ಮೀಟರ್ ಒಳಗೆ ಕಟ್ಟುವಂತಿಲ್ಲ.

ಕಾಗದ ಸರಿ ಇಲ್ಲದಿದ್ದರೆ

ಪರ್ಮಿಟ್ ಇಲ್ಲದೆ ಕಟ್ಟಿದ ಕೋಣೆ ವಾಸಕ್ಕೆ ಆಗುತ್ತದೆ, ಮಾರಾಟಕ್ಕೆ ಆಗುವುದಿಲ್ಲ. ಕೊಳ್ಳುವವನು ಬ್ಯಾಂಕ್ ಸಾಲಕ್ಕೆ ಹೋದಾಗ ಮಂಜೂರಾದ ಪ್ಲಾನು, ಮನೆ ನಂಬ್ರ, ತೆರಿಗೆ ರಸೀದಿ ಮೂರೂ ಕೇಳುತ್ತಾರೆ. ಇದ್ದ ಮನೆಗೂ ಕಾಗದದ ಮನೆಗೂ ತಾಳೆ ಆಗದಿದ್ದರೆ ವ್ಯಾಪಾರ ಅಲ್ಲಿಗೇ ನಿಲ್ಲುತ್ತದೆ. 2019ರ ಕೇರಳ ಪಂಚಾಯತು ಕಟ್ಟಡ ನಿಯಮಗಳು ಜಾರಿಯಲ್ಲಿವೆ. ಯಾವ ಕೆಲಸಕ್ಕೆ ಪರ್ಮಿಟ್ ಬೇಕೆಂದು ಮೊದಲೇ ಕೇಳಿಕೊಂಡರೆ ಆಮೇಲಿನ ಓಡಾಟ ತಪ್ಪುತ್ತದೆ.

ಗಡಿನಾಡ ಕನ್ನಡಿಗರಿಗೆ ಇನ್ನೊಂದು ತೊಡಕುಂಟು. 1956ರ ನವೆಂಬರ್ 1ರ ತನಕ ಇದು ದಕ್ಷಿಣ ಕನ್ನಡ ಜಿಲ್ಲೆ. ಅಜ್ಜಂದಿರ ಕಾಲದ ಆಧಾರ, ಪಾಲುಪಟ್ಟಿಗಳು ಕನ್ನಡದಲ್ಲಿವೆ. ತೆಂಕಣ ಜಿಲ್ಲೆಗಳಿಂದ ಬಂದು ಕೊಳ್ಳುವವನಿಗೂ ಅವನ ವಕೀಲನಿಗೂ ಅದು ಓದಲು ಬಾರದು. ಕನ್ನಡ ಬಲ್ಲ ಹಿರಿಯರು ಇರುವಾಗಲೇ ಅನುವಾದ ಮಾಡಿಸಿಡುವುದು ಒಳ್ಳೆಯದು. ಅಣ್ಣತಮ್ಮಂದಿರೊಳಗೆ ಪಾಲು ಆಗದ ಮನೆಗೆ ಒಬ್ಬನೇ ಖರ್ಚು ಮಾಡಿದರೆ ಆ ಖರ್ಚೂ ಮುಂದೆ ಜಗಳದ ವಸ್ತು. ಮೊದಲು ಪಾಲು, ಆಮೇಲೆ ಪಾಯ.

ಬಿಲ್ಲು ಬಿಸಾಡಬೇಡಿ

ಆಸ್ತಿ ಮಾರಿದ ಲಾಭಕ್ಕೆ ಆದಾಯ ತೆರಿಗೆ ಉಂಟು. 2024ರ ಜುಲೈ 23ರಿಂದ ದೀರ್ಘಾವಧಿ ಲಾಭದ ಮೇಲಿನ ದರ ಶೇ. 12.5. ಅದಕ್ಕೆ ಮೊದಲೇ ಕೈಗೆ ಬಂದ ಜಾಗ, ಮನೆಗಳಿಗೆ ದೇಶದಲ್ಲಿ ನೆಲೆಸಿರುವವರು ಹಣದುಬ್ಬರದ ಲೆಕ್ಕ ಹಿಡಿದು ಶೇ. 20ರ ಹಳೆ ದಾರಿಯನ್ನು ಹೋಲಿಸಿ ಕಡಿಮೆ ಬಂದದ್ದನ್ನು ಕಟ್ಟಬಹುದು. ಕೊಲ್ಲಿಯಲ್ಲಿರುವ ಅನಿವಾಸಿಗಳಿಗೆ ಈ ಆಯ್ಕೆ ಇಲ್ಲ.

ಮನೆಗೆ ಮಾಡಿದ ಶಾಶ್ವತ ಸುಧಾರಣೆಯ ಖರ್ಚನ್ನು ಲಾಭದಿಂದ ಕಳೆಯಬಹುದು, ಆದರೆ ಅದಕ್ಕೆ ಬಿಲ್ಲು ಬೇಕು. 6 ಲಕ್ಷದ ಕೆಲಸಕ್ಕೆ ಬಿಲ್ಲು ಇದ್ದರೆ ಶೇ. 12.5ರ ಲೆಕ್ಕದಲ್ಲಿ 75,000 ರೂ. ಉಳಿತಾಯ. ಸುಣ್ಣ ಬಣ್ಣದಂತಹ ಮಾಮೂಲಿ ರಿಪೇರಿ ಇದರಲ್ಲಿ ಸೇರುವುದಿಲ್ಲ. ಪಿತ್ರಾರ್ಜಿತ ಮನೆಯಾದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿ ಹಿಡಿಯಲು ಅವಕಾಶ ಉಂಟು.

ಕೊನೆಗೆ ಉಳಿಯುವುದು ಯಾರಿಗಾಗಿ ರಿಪೇರಿ ಎಂಬ ಪ್ರಶ್ನೆ. ಮುಂದಿನ ಮೂರು ನಾಲ್ಕು ವರ್ಷದಲ್ಲಿ ಮಾರುವುದು ಖಂಡಿತ ಎಂದಾದರೆ ಸೋರಿಕೆ, ದಾರಿ, ನೀರು, ಕಾಗದ ಇಷ್ಟು ಸರಿಮಾಡಿ ನಿಲ್ಲಿಸುವುದು ಲಾಭ. ಅಪ್ಪ ಅಮ್ಮ ಇರುವ ತನಕ ಮಾರುವುದಿಲ್ಲ ಎಂದಾದರೆ ಖರ್ಚು ಅವರ ಅನುಕೂಲಕ್ಕೆ ಆಗಲಿ, ಮಾರುಕಟ್ಟೆಯ ಲೆಕ್ಕ ಅಲ್ಲಿಗೆ ಬೇಡ. ಎರಡರಲ್ಲಿ ಯಾವುದೆಂದು ಮನೆಯವರೆಲ್ಲ ಕೂತು ಮಾತಾಡದೆ, ಗುತ್ತಿಗೆದಾರ ಮೊಬೈಲಿನಲ್ಲಿ ತೋರಿಸಿದ ಚಿತ್ರ ನೋಡಿ ಮುಂಗಡ ಕೊಡುವುದು ಬೇಡ.