ಗುಂಡು ಸಿಡಿಯುವವರೆಗೆ ಕೇಳಿಸದ ದೂರು

2022ರ ಜುಲೈ 8ರಂದು ಜಪಾನಿನ ನಾರಾ ನಗರದಲ್ಲಿ ಚುನಾವಣಾ ಭಾಷಣ ಮಾಡುತ್ತಿದ್ದ ಮಾಜಿ ಪ್ರಧಾನಿ ಶಿಂಜೊ ಅಬೆ ಗುಂಡೇಟಿಗೆ ಬಲಿಯಾದರು. ಗುಂಡು ಹಾರಿಸಿದವನ ತಾಯಿ ಯೂನಿಫಿಕೇಷನ್ ಚರ್ಚ್ ಎಂಬ ಪಂಥಕ್ಕೆ ಗಂಡನ ಜೀವವಿಮೆಯ ದುಡ್ಡು, ಆಸ್ತಿ ಮಾರಿದ ದುಡ್ಡು ಎಲ್ಲ ಸೇರಿ ಸುಮಾರು 10 ಕೋಟಿ ಯೆನ್ ಸುರಿದು ದಿವಾಳಿಯಾಗಿದ್ದರು. ಆ ಪಂಥಕ್ಕೆ ಅಬೆ ಆಸರೆಯಾಗಿದ್ದಾರೆ ಎಂಬುದು ಅವನ ಸಿಟ್ಟು. ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಆ ಮನೆ ಹಾಳಾದ ಬಗೆಯನ್ನು ತಿಳಿಯದೆ ಈ ದುರಂತ ಅರ್ಥವಾಗದು.

ಸನ್ ಮ್ಯುಂಗ್ ಮೂನ್ 1954ರಲ್ಲಿ ಸೋಲ್‌ನಲ್ಲಿ ಕಟ್ಟಿದ ಈ ಪಂಥಕ್ಕೆ ಜಪಾನಿನಲ್ಲಿ 1964ರಲ್ಲಿ ಧಾರ್ಮಿಕ ಸಂಸ್ಥೆಯ ಮಾನ್ಯತೆ ಸಿಕ್ಕಿತು. ಅದರ ಕಾರ್ಯಕರ್ತರು ತಮ್ಮ ಪಂಥದ ಹೆಸರು ಹೇಳದೆಯೇ ಮನೆಬಾಗಿಲು ತಟ್ಟುತ್ತಿದ್ದರು. ಕೈರೇಖೆ ನೋಡುತ್ತೇವೆ, ಹೆಸರಿನ ಫಲ ಹೇಳುತ್ತೇವೆ ಎಂದು ಮಾತಿಗಿಳಿದು, ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರು ಅಕಾಲದಲ್ಲಿ ಸತ್ತರು ಎಂದೆಲ್ಲ ತಿಳಿದುಕೊಳ್ಳುತ್ತಿದ್ದರು. ಆಮೇಲೆ ಶುರುವಾಗುತ್ತಿತ್ತು ಹೆದರಿಕೆ: ಪಿತೃಗಳು ಪರಲೋಕದಲ್ಲಿ ನರಳುತ್ತಿದ್ದಾರೆ, ಅವರ ಕರ್ಮ ನಿಮ್ಮ ಮಕ್ಕಳನ್ನೂ ಬಿಡದು. ಪರಿಹಾರವೆಂದರೆ ದುಬಾರಿ ಬೆಲೆಯ ಅಮೃತಶಿಲೆಯ ಹೂಜಿ, ಹೆಸರಿನ ಮುದ್ರೆ, ಪುಟ್ಟ ಗೋಪುರ. ಎದುರಿಗಿರುವವರು ಯಾರೆಂದು ಗೊತ್ತಾಗುವ ಹೊತ್ತಿಗೆ ಭಯ ಮನಸ್ಸನ್ನು ಹಿಡಿದಾಗಿರುತ್ತಿತ್ತು. ಹೀಗೆ ಧರ್ಮಪ್ರಚಾರವೆಂಬುದನ್ನು ಮುಚ್ಚಿಟ್ಟು ಜನರನ್ನು ಸೆಳೆದದ್ದು ಕಾನೂನುಬಾಹಿರ ಎಂದು ಸಪ್ಪೊರೊ ನ್ಯಾಯಾಲಯ 2001ರಲ್ಲೇ ಹೇಳಿತ್ತು.

ಹಾಗಿದ್ದೂ ಪಂಥ ಬೆಳೆದದ್ದು ಹೇಗೆ? ರಾಜಕೀಯದ ನೆರಳಿನಲ್ಲಿ. 1968ರಲ್ಲಿ ಮೂನ್ ಕಟ್ಟಿದ ಕಮ್ಯುನಿಸ್ಟ್ ವಿರೋಧಿ ಸಂಘಟನೆಗೆ ಅಬೆ ಅವರ ತಾತ, ಮಾಜಿ ಪ್ರಧಾನಿ ನೊಬುಸುಕೆ ಕಿಶಿ ಬೆಂಬಲ ಕೊಟ್ಟರು. ಮುಂದೆ ಪಂಥದ ಕಾರ್ಯಕರ್ತರು ಚುನಾವಣೆಯಲ್ಲಿ ಬಿಟ್ಟಿ ದುಡಿದರು. ರಾಜಕೀಯ ನಾಯಕರು ಪಂಥದ ಸಮಾರಂಭಗಳಿಗೆ ಹೋಗಿ ಗೌರವ ತಂದುಕೊಟ್ಟರು. ಪಂಥದ ನಂಟಿದ್ದ ಸಂಸ್ಥೆಯೊಂದರ ಸಭೆಗೆ ಸ್ವತಃ ಅಬೆ 2021ರಲ್ಲಿ ವಿಡಿಯೊ ಸಂದೇಶ ಕಳಿಸಿದ್ದರು. ಹತ್ಯೆಯ ನಂತರ ಆಡಳಿತ ಪಕ್ಷ ತನ್ನ 379 ಸಂಸದರನ್ನು ವಿಚಾರಿಸಿದಾಗ 179 ಮಂದಿ ಪಂಥದ ಸಂಪರ್ಕ ಒಪ್ಪಿಕೊಂಡರು. ಸಂತ್ರಸ್ತರ ಪರ ವಕೀಲರು 1987ರಿಂದಲೇ ಸಂಘಟಿತರಾಗಿ ಕೂಗಿ ಹೇಳುತ್ತಿದ್ದ ಮಾತು ಅಧಿಕಾರಸ್ಥರ ಕಿವಿಗೆ ಬೀಳದಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

2022ರ ಕೊನೆಗೆ, ಹೆದರಿಸಿ ದೇಣಿಗೆ ಕೀಳುವುದನ್ನು ತಡೆಯುವ ಕಾಯ್ದೆ ಬಂತು. 2025ರ ಮಾರ್ಚ್‌ನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಪಂಥದ ವಿಸರ್ಜನೆಗೆ ಆದೇಶಿಸಿತು. 1,500ಕ್ಕೂ ಹೆಚ್ಚು ಜನ ಕಳೆದುಕೊಂಡದ್ದು 2,000 ಕೋಟಿ ಯೆನ್‌ಗೂ ಮಿಗಿಲು ಎಂದು ಲೆಕ್ಕ ಹಾಕಿತು. ಆದೇಶದಿಂದ ಪಂಥದ ಕಾನೂನಿನ ಮಾನ್ಯತೆ ಮತ್ತು ತೆರಿಗೆ ವಿನಾಯಿತಿ ತಪ್ಪುತ್ತವೆ. ಪ್ರಾರ್ಥನೆಗೆ ಅಡ್ಡಿಯಿಲ್ಲ. ಈ ಗೆರೆ ಸರಿಯಾದ ಜಾಗದಲ್ಲೇ ಬಿದ್ದಿದೆ.

ಯಾರು ಯಾವ ದೇವರನ್ನು ನಂಬಬೇಕೆಂದು ಸರ್ಕಾರ ಹೇಳಬಾರದು. ಹೆಸರು ಮುಚ್ಚಿಟ್ಟು ಕರೆದವರನ್ನು, ಭಯ ಹುಟ್ಟಿಸಿ ಮನೆ ಬರಿದು ಮಾಡಿದವರನ್ನು ಕೇಳದೆ ಬಿಡಲೂಬಾರದು. ಜಪಾನಿನ ಸರ್ಕಾರ ಆ ವಕೀಲರ ದೂರನ್ನು ಮೊದಲೇ ಕೈಗೆತ್ತಿಕೊಂಡಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. ಓಟಿಗಾಗಿ ಕಣ್ಣು ಮುಚ್ಚಿದ ರಾಜಕಾರಣಿಗಳು ಈ ಹೊಣೆಯಿಂದ ತಪ್ಪಿಸಿಕೊಳ್ಳಲಾರರು.